‘ಏನೂ ಬೇಡ’ ಎನ್ನುವ ಮದ್ದು

ನನ್ನ ಗೆಳತಿ ಆರ್.ಟಿ. ನಗರದಲ್ಲಿ ಇಡೀ ಆಯುಷ್ಯ ಡಾಕ್ಟರಾಗಿ ಕೂತವಳು. ಅವಳು ಕೊಟ್ಟ ಮದ್ದುಗಳಲ್ಲಿ ಅತ್ಯಂತ ಹೆಸರುವಾಸಿಯಾದದ್ದು ‘ಏನೂ ಬೇಡ’. ಅದಕ್ಕೆ ಬಾಟಲಿಯಿಲ್ಲ, ಊಟಕ್ಕೆ ಮೊದಲೋ ಆಮೇಲೋ ಎಂಬ ಗೊಂದಲವಿಲ್ಲ. ನಾಲಿಗೆ ನೋಡಿ, ಹೊಟ್ಟೆ ಒತ್ತಿ, ಬೆನ್ನಿಗೆ ಸ್ಟೆತೊಸ್ಕೋಪ್ ಇಟ್ಟು, ಮನೆಯಲ್ಲಿ ಯಾರ ಜೊತೆ ಜಗಳ ಎಂದು ವಿಚಾರಿಸಿ, ಆ ಜಗಳವನ್ನು ಪೂರ್ತಿ ಕೇಳಿಸಿಕೊಂಡು, ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೇಳುತ್ತಿದ್ದಳು: ಏನೂ ಬೇಡ, ಗಂಜಿ ಕುಡಿದು ಮಲಗು. ಪರದೆಯ ಈಚೆ ಬೆಂಚಿನ ಮೇಲೆ ಕೂತ ನಮಗೆಲ್ಲ ಅದು ಕೇಳಿಸುತ್ತಿತ್ತು. ಒಳಗಿದ್ದವರಿಗೆ ಜೀವ ಬಂದಷ್ಟೇ ನಮಗೂ ಬರುತ್ತಿತ್ತು. ಏನೂ ಬೇಡ ಎನ್ನಿಸಿಕೊಂಡವರಿಂದ ಅವಳು ಫೀಸು ಮುಟ್ಟುತ್ತಿರಲಿಲ್ಲ. ಏನೂ ಕೊಡದೆ ಏನು ತಗೊಳ್ಳಲಿ ಎನ್ನುವುದು ಅವಳ ಲಾಜಿಕ್ಕು.

ನಾವಿಬ್ಬರೂ ಕಂಟೋನ್ಮೆಂಟಿನ ಒಂದೇ ಕಾನ್ವೆಂಟಿನಲ್ಲಿ ಓದಿದವರು. ಸತ್ಯ ಹೇಳಬೇಕು, ಅದನ್ನೂ ಕಂಪ್ಲೀಟ್ ಸೆಂಟೆನ್ಸಿನಲ್ಲಿ ಹೇಳಬೇಕು ಎಂದು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದರು. ಅವಳಿಗೆ ಬಯಾಲಜಿ ಪ್ರೈಜ್ ಬಂತು, ನನಗೆ ಎಲೊಕ್ಯೂಷನ್ ಪ್ರೈಜ್. ಅವಳು ಡಾಕ್ಟರಾದಳು, ನಾನು ಮಾತಾಡುತ್ತಾ ಉಳಿದೆ.

ಕ್ಲಿನಿಕ್ ಇದ್ದದ್ದು ಬಾಡಿಗೆ ಕಟ್ಟಡದ ನೆಲಮಹಡಿಯಲ್ಲಿ, ಬೇಕರಿಯ ಪಕ್ಕ. ಕಟ್ಟಡದ ಓನರು ಜಕ್ಕೂರಿನವರು. ಅವರಪ್ಪ ಕೆರೆ ಕೆಳಗೆ ರಾಗಿ ಬೆಳೆಯುತ್ತಿದ್ದರು, ಇವರು ಅದೇ ಹೊಲದಲ್ಲಿ ಅಪಾರ್ಟ್‌ಮೆಂಟು ಬೆಳೆದರು. ಗೆಳತಿಯನ್ನು ಅವರು ಡಾಕ್ಟ್ರಮ್ಮ ಎನ್ನುತ್ತಿದ್ದರು. ಬಾಡಿಗೆ ಏರಿಸುವಾಗ ಮಾತ್ರ ಮೇಡಂ ಎನ್ನುತ್ತಿದ್ದರು. ಅವರೇ ಒಂದು ದಿನ ಮೇಡಂ ಎಂದು ಶುರು ಮಾಡಿ, ಊರ ತುಂಬ ಕ್ಲಿನಿಕ್ ತೆರೆಯುತ್ತಿರುವ ಕಂಪನಿಯೊಂದು ನಿಮ್ಮ ಜಾಗ ಕೇಳ್ತಾ ಇದೆ, ಜಾಗದ ಜೊತೆ ನಿಮ್ಮನ್ನೂ ಕೇಳ್ತಾ ಇದೆ ಎಂದರು.

ಗೆಳತಿಗೆ ಆಗ ಮಂಡಿನೋವು ಶುರುವಾಗಿತ್ತು. ಅದಕ್ಕಿಂತ ಹೆಚ್ಚು ನೋವು ಕೊಡುತ್ತಿದ್ದದ್ದು ಲೈಸೆನ್ಸ್ ರಿನ್ಯೂವಲ್ಲು, ಸೂಜಿ ಕಸ ಒಯ್ಯುವವರ ಸರ್ಟಿಫಿಕೇಟು, ಯುಪಿಎಸ್ ಬ್ಯಾಟರಿ. ಕಂಪನಿ ಎಲ್ಲ ತಲೆನೋವೂ ನಮ್ಮದು ಎಂದಿತು. ಕ್ಲಿನಿಕನ್ನು ನಮಗೆ ಮಾರಿ, ನೀವು ಮೆಡಿಕಲ್ ಡೈರೆಕ್ಟರ್ ಆಗಿ ಇಲ್ಲೇ ಕೂತು ಪೇಷೆಂಟ್ ನೋಡಿ, ನಿಮ್ಮ ಹೆಸರು ಬೋರ್ಡಿನಲ್ಲಿ ಹಾಗೇ ಇರಲಿ ಎಂದಿತು. ಪೇಷೆಂಟುಗಳನ್ನು ನೋಡುವುದೊಂದೇ ಕೆಲಸ ಎಂದರೆ ಯಾವ ಡಾಕ್ಟರಿಗೆ ಆಸೆಯಾಗುವುದಿಲ್ಲ? ಅವಳು ಒಪ್ಪಂದದ ಪತ್ರ ಹಿಡಿದು ನಮ್ಮ ಮನೆಗೆ ಬಂದಳು. ಕಾರಣ, ನಮ್ಮ ಯಜಮಾನರು.

ಯಜಮಾನರು ವಿಧಾನಸೌಧದಲ್ಲಿ ಕಾನೂನು ಇಲಾಖೆಯಲ್ಲಿದ್ದವರು. ಬಿಲ್ಲುಗಳ ಕರಡು ಬರೆಯುವುದು ಅವರ ವೃತ್ತಿ. ಮಂತ್ರಿಗಳಿಗೆ ಬೇಕಾದದ್ದನ್ನು, ಮಂತ್ರಿಗಳಿಗೂ ಅರ್ಥವಾಗದಂತೆ, ಆದರೆ ಕೋರ್ಟಿನಲ್ಲಿ ಬೀಳದಂತೆ ಬರೆಯುವ ಕಲೆ ಅವರದು. ರಿಟೈರಾದ ಮೇಲೆ ಆ ಕಲೆಗೆ ಸಿಕ್ಕ ಏಕೈಕ ವಸ್ತು ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ರೂಲ್ಸು. ಹೀಗಾಗಿ ಗೆಳತಿಯ ಅಗ್ರಿಮೆಂಟನ್ನು ಅವರು ಹಸಿದವನು ಎಲೆಯ ಮುಂದೆ ಕೂತಂತೆ ಮುಂದಿಟ್ಟುಕೊಂಡರು. ಮಧ್ಯೆ ಮಧ್ಯೆ ಆಹಾ ಎನ್ನುತ್ತಿದ್ದರು. ಡ್ರಾಫ್ಟಿಂಗ್ ಪರವಾಗಿಲ್ಲ ಎಂದರು. ಅವರ ಬಾಯಲ್ಲಿ ಪರವಾಗಿಲ್ಲ ಎಂದರೆ ಚಿನ್ನದ ಪದಕ.

ಒಂದೇ ಒಂದು ಕಡೆ ಅವರ ಮುಖ ಹುಳ್ಳಗಾಯಿತು. ಗೆಳತಿ ಕಂಪನಿ ಬಿಟ್ಟರೆ ಕೆಲವು ವರ್ಷ ‘ಸುತ್ತಮುತ್ತ’ ಎಲ್ಲೂ ಪ್ರಾಕ್ಟೀಸ್ ಮಾಡಕೂಡದು ಎಂದು ಒಂದು ಷರತ್ತಿತ್ತು. ಸುತ್ತಮುತ್ತ ಎಂದರೆ ಎಲ್ಲಿಂದ ಎಲ್ಲಿಗೆ? ಇಷ್ಟು ಸಡಿಲವಾಗಿ ಬರೆದರೆ ನ್ಯಾಯಾಲಯ ಒಂದು ನಿಮಿಷವೂ ಮಾನ್ಯ ಮಾಡುವುದಿಲ್ಲ ಎಂದು ಅವರು ನಿಜವಾಗಿಯೂ ನೊಂದುಕೊಂಡರು. ಪೆನ್ಸಿಲ್ ತೆಗೆದು ಅಂಚಿನಲ್ಲಿ ಸರಿ ಮಾಡಿದರು: ಉತ್ತರಕ್ಕೆ ಹೆಬ್ಬಾಳ, ಯಲಹಂಕ, ಪಶ್ಚಿಮಕ್ಕೆ ಯಶವಂತಪುರ, ದಕ್ಷಿಣಕ್ಕೆ ಕಂಟೋನ್ಮೆಂಟು, ಇವುಗಳೂ ಇವುಗಳ ನಡುವಿನ ಎಲ್ಲ ಪ್ರದೇಶವೂ. ಕಂಪನಿಯವರು ಆ ತಿದ್ದುಪಡಿಯನ್ನು ಥ್ಯಾಂಕ್ಯೂ ಸೋ ಮಚ್ ಎಂದು ಕೂಡಲೇ ಒಪ್ಪಿಕೊಂಡರು. ಯಜಮಾನರು ಆ ವಾರವೆಲ್ಲ ಖುಷಿಯಾಗಿದ್ದರು. ಕುರಿಯ ಪರವಾಗಿ ಹೋಗಿ, ಕತ್ತಿ ಮೊಂಡಾಗಿದೆ ಎಂದು ಸಾಣೆ ಹಿಡಿದುಕೊಟ್ಟು ಬಂದ ವಕೀಲರು ಇನ್ನೊಬ್ಬರಿದ್ದರೆ ನನಗೆ ತಿಳಿಸಿ.

ಕ್ಲಿನಿಕ್ ಹೊಸದಾಯಿತು. ಬೆಂಚು ಹೋಗಿ ಸೋಫಾ ಬಂತು, ಸ್ಪಿರಿಟ್ಟಿನ ವಾಸನೆ ಹೋಗಿ ಲೆಮನ್‌ಗ್ರಾಸ್ ಬಂತು. ಒಳಗಿನ ಜಗಳ ಹೊರಗೆ ಕೇಳದ ಹಾಗೆ ಗಾಜಿನ ಬಾಗಿಲು. ಎದುರು ಗೋಡೆಯಲ್ಲಿ ಗೆಳತಿಯ ಆಳೆತ್ತರದ ಫೋಟೋ, ಮುಖದ ಸುಕ್ಕನ್ನೆಲ್ಲ ಅಳಿಸಿ, ಕೈ ಕಟ್ಟಿ ನಿಲ್ಲಿಸಿದ್ದರು. ಕಟ್ಟಿದ ಕೈ ನೋಡಿಯಾದರೂ ನಮಗೆ ಅರ್ಥವಾಗಬೇಕಿತ್ತು.

ತೊಂದರೆ ಮೊದಲ ವಾರವೇ ಶುರುವಾಯಿತು. ಪೇಷೆಂಟ್ ಎದ್ದು ಹೋಗಬೇಕಾದರೆ ಗೆಳತಿ ಕಂಪ್ಯೂಟರಿನಲ್ಲಿ ಏನಾದರೂ ತುಂಬಬೇಕು: ಟೆಸ್ಟು, ಮಾತ್ರೆ, ಇಲ್ಲವೇ ಸ್ಪೆಷಲಿಸ್ಟ್. ಮೂರೂ ಖಾಲಿ ಬಿಟ್ಟರೆ ಸ್ಕ್ರೀನು ಮುಚ್ಚುವುದಿಲ್ಲ, ಮುಂದಿನ ಪೇಷೆಂಟಿನ ಹೆಸರು ಬರುವುದಿಲ್ಲ. ಅವಳು ‘ಏನೂ ಬೇಡ’ ಎಂದ ಕೂಡಲೇ ಇಡೀ ಕ್ಲಿನಿಕ್ ನಿಂತುಹೋಗುತ್ತಿತ್ತು. ಅವಳು ಮ್ಯಾನೇಜರನ್ನು ಕರೆದು, ‘ನಥಿಂಗ್’ ಎಂದು ಒಂದು ಆಪ್ಶನ್ ಹಾಕಿಕೊಡಿ ಎಂದು ಕೇಳಿದಳಂತೆ. ಅವರು ಇದಕ್ಕೆ ಮೊದಲು ಬಿಸ್ಕೆಟ್ ಕಂಪನಿಯಲ್ಲಿದ್ದವರು. ಬಹಳ ಮರ್ಯಾದಸ್ಥರು. ಮ್ಯಾಮ್, ನಥಿಂಗನ್ನು ಸಿಸ್ಟಮ್ ಹೇಗೆ ಗುರುತಿಸಬೇಕು ಎಂದು ನಿಜವಾದ ಕುತೂಹಲದಿಂದ ಕೇಳಿದರಂತೆ. ಕೊನೆಗೆ ಎಲ್ಲರಿಗೂ ಒಂದೊಂದು ವಿಟಮಿನ್ ಬರೆದು ಸ್ಕ್ರೀನು ಮುಚ್ಚುವುದನ್ನು ಅವಳು ಕಲಿತಳು. ಕಲಿತ ದಿನ ನಮ್ಮ ಮನೆಗೆ ಬಂದು ಕಾಫಿ ಕುಡಿಯದೆ ಕೂತಿದ್ದಳು.

ಇದಕ್ಕೊಂದು ಕಾನೂನು ಇರಲೇಬೇಕು ಎಂದರು ಯಜಮಾನರು. ಪ್ರಪಂಚದಲ್ಲಿ ಯಾವುದೇ ಅನ್ಯಾಯ ನಡೆದರೂ ಅದರ ವಿರುದ್ಧ ಎಲ್ಲೋ ಒಂದು ಸೆಕ್ಷನ್ ಮಲಗಿರುತ್ತದೆ, ಹೋಗಿ ಎಬ್ಬಿಸಿದರೆ ಸಾಕು ಎಂಬುದು ಅವರ ನಂಬಿಕೆ. ಡಾಕ್ಟರಲ್ಲದವನು ಡಾಕ್ಟರ ಕೆಲಸದ ಯಜಮಾನ ಆಗೋಕೆ ಹೇಗೆ ಸಾಧ್ಯ ಎಂದು ಪುಸ್ತಕಗಳನ್ನೆಲ್ಲ ಕೆಳಗಿಳಿಸಿದರು. ಕೆಲವು ದಿನಗಳ ನಂತರ ಪೆಚ್ಚುಮುಖ ಹಾಕಿಕೊಂಡು ಊಟಕ್ಕೆ ಬಂದರು.

ಬೇರೆ ಕೆಲವು ದೇಶಗಳಲ್ಲಿ ಅಂಥ ಕಾನೂನಿದೆಯಂತೆ. ವೈದ್ಯರ ಪ್ರಾಕ್ಟೀಸಿಗೆ ವೈದ್ಯರೇ ಒಡೆಯರಾಗಿರಬೇಕು, ಕಂಪನಿಗಳು ಆಗಕೂಡದು. ಅಲ್ಲಿ ಕಂಪನಿಗಳು ಏನು ಮಾಡುತ್ತವೆ ಎಂದರೆ, ಒಬ್ಬ ಡಾಕ್ಟರನ್ನು ಹುಡುಕಿ ಹೆಸರಿಗೆ ಒಡೆಯನನ್ನಾಗಿ ಕೂರಿಸಿ, ಹಗ್ಗವನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳುತ್ತವೆ. ಪಾಪ, ಅಷ್ಟಾದರೂ ನಾಟಕ ಆಡಬೇಕು. ನಮ್ಮಲ್ಲಿ ಆ ಶ್ರಮವೂ ಇಲ್ಲ. ಕ್ಲಿನಿಕ್ಕಿಗೆ ರಿಜಿಸ್ಟ್ರೇಷನ್ ಬೇಕು, ಒಳಗೆ ಕೂತವರಿಗೆ ಡಿಗ್ರಿ ಬೇಕು. ಒಡೆಯ ಬಿಸ್ಕೆಟ್ಟಿನವನೋ ಸಿಮೆಂಟಿನವನೋ ಎಂದು ಯಾರೂ ಕೇಳುವುದಿಲ್ಲ. ವೈದ್ಯಧರ್ಮದ ನಿಯಮಗಳಿವೆ, ಉದ್ದುದ್ದ ಇವೆ, ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಅವೆಲ್ಲ ಕಟ್ಟಿಹಾಕುವುದು ಡಾಕ್ಟರನ್ನು. ತಪ್ಪಾದರೆ ಮೆಡಿಕಲ್ ಕೌನ್ಸಿಲ್ಲು ಕರೆಯುವುದು ಡಾಕ್ಟರನ್ನು.

ಲಾಯರುಗಳ ಆಫೀಸನ್ನೂ ಹೀಗೇ ಯಾವನೋ ಬಿಸ್ಕೆಟ್ಟಿನವನು ಕೊಂಡುಕೊಳ್ಳಬಹುದಾ ಎಂದು ನಾನು ಕೇಳಿದೆ.

ಯಜಮಾನರು ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು. ‘ಛೆ ಛೆ, ಅದು ಸಾಧ್ಯವೇ ಇಲ್ಲ. ವಕೀಲರು ವಕೀಲರಲ್ಲದವರ ಜೊತೆ ಫೀಸು ಹಂಚಿಕೊಳ್ಳೋ ಹಾಗೇ ಇಲ್ಲ. ಆಡಿಟರ್‌ಗಳೂ ಅಷ್ಟೇ. ವೃತ್ತಿಯ ಪಾವಿತ್ರ್ಯ ಕಣೇ ಅದು.’

‘ಹೌದು ಮತ್ತೆ. ಕಾನೂನು ಬರೆಯೋರು ಯಾರು?’ ಎಂದೆ. ಅವರು ಸಾರು ಕೇಳಿದರು.

ಆ ಸಾರೇ ಮುಂದಿನ ಅನಾಹುತಕ್ಕೆ ಕಾರಣ. ಅವರೆಕಾಯಿ ಕಾಲ. ಚಳಿ ಬಿದ್ದು, ಸೊಗಡು ಏರಿ, ಯಲಹಂಕದ ಕಡೆಯಿಂದ ಗಾಡಿಗಳು ಬರುವ ದಿನಗಳಲ್ಲಿ ಬೆಂಗಳೂರಿನ ಗಂಡಸರಿಗೆ ವಯಸ್ಸು ಮರೆಯುತ್ತದೆ. ಹಿತಕಿದಬೇಳೆ ಸಾರು ಮೂರು ಸಲ ಹಾಕಿಸಿಕೊಂಡವರಿಗೆ ಸಂಜೆ ಎದೆ ಹಿಡಿದುಕೊಂಡಿತು. ನಾನು ಹೆದರಿ ಕ್ಲಿನಿಕ್ಕಿಗೆ ಕರೆದುಕೊಂಡು ಓಡಿದೆ. ಗೆಳತಿ ಇನ್ನೂ ಬಂದಿರಲಿಲ್ಲ. ಇದ್ದ ಚಿಕ್ಕ ವಯಸ್ಸಿನ ಡಾಕ್ಟರು ಒಳ್ಳೆಯ ಹುಡುಗಿ. ಇಸಿಜಿ ತೆಗೆದಳು, ರಕ್ತ ತೆಗೆದು ಕಳಿಸಿದಳು, ಮಾಡಬೇಕಾದದ್ದನ್ನೆಲ್ಲ ಮಾಡಿದಳು. ಇಸಿಜಿ ಸರಿಯಾಗಿತ್ತು. ರಕ್ತವೂ ಸರಿಯಾಗಿತ್ತು. ಅಷ್ಟರಲ್ಲಿ ಯಜಮಾನರು ಇಡೀ ಕ್ಲಿನಿಕ್ಕಿಗೆ ಕೇಳುವಂತೆ ತೇಗಿ ಆರಾಮಾಗಿದ್ದರು. ಆದರೆ ಕಂಪ್ಯೂಟರು ಆರಾಮಾಗಿರಲಿಲ್ಲ. ಇಷ್ಟು ವಯಸ್ಸು, ಎದೆ, ಬಿಪಿ ಎಂದು ತುಂಬಿದ ಕೂಡಲೇ ಅದು ಅವರನ್ನು ‘ಕಾರ್ಡಿಯಾಕ್ ಪಾತ್‌ವೇ’ ಎಂಬ ಹೃದ್ರೋಗಿಗಳ ರಸ್ತೆಗೆ ಹತ್ತಿಸಿತ್ತು. ಹೆಬ್ಬಾಳದ ಕಡೆ ಅದೇ ಕಂಪನಿಯ ದೊಡ್ಡ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮ್ ಆಗುವ ತನಕ ಆ ರಸ್ತೆಯಿಂದ ಇಳಿಯುವ ಹಾಗಿಲ್ಲ. ಇಳಿಸಬೇಕೆಂದರೂ ಆ ಆಸ್ಪತ್ರೆಗೆ ಕಳಿಸಬೇಕೆಂದರೂ ಮೆಡಿಕಲ್ ಡೈರೆಕ್ಟರ ಒಪ್ಪಿಗೆ ಬೇಕು.

ಗೆಳತಿ ಬಂದಳು. ಎಲ್ಲ ನೋಡಿದಳು. ಯಜಮಾನರನ್ನು ಮಲಗಿಸಿ, ಕೂರಿಸಿ, ನಡೆಸಿ, ತಾಸು ಬಿಟ್ಟು ಇಸಿಜಿ ಇನ್ನೊಮ್ಮೆ ತೆಗೆಸಿ ನೋಡಿದಳು. ಮಧ್ಯಾಹ್ನ ಏನು ತಿಂದಿರಿ ಎಂದು ಕೇಳಿದಳು. ಅವರು ಸ್ವಲ್ಪ ಸಾರು ಎಂದರು. ನಾನು ಸತ್ಯವನ್ನು ಕಂಪ್ಲೀಟ್ ಸೆಂಟೆನ್ಸಿನಲ್ಲಿ ಹೇಳಿದೆ. ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

ಮ್ಯಾನೇಜರು ಅಲ್ಲೇ ನಿಂತಿದ್ದರು. ಸಿಸ್ಟಮ್ ಬೇಕು ಅನ್ನುತ್ತಿದೆ ಮ್ಯಾಮ್, ಪೇಷೆಂಟಿಗೆ ಇನ್ಶೂರೆನ್ಸ್ ಕೂಡ ಇದೆ, ಸೇಫ್ ಆಗಿ ಒಂದು ಅಪ್ರೂವಲ್ ಕೊಟ್ಟುಬಿಡಿ ಎಂದರು. ಈ ತಿಂಗಳು ಈಗಾಗಲೇ ನೀವು ತುಂಬಾ ಜನರನ್ನು ಪಾತ್‌ವೇಯಿಂದ ಇಳಿಸಿದ್ದೀರಿ, ಮೇಲಿನವರು ಕೇಳ್ತಾ ಇದ್ದಾರೆ, ಹೀಗೇ ಆದರೆ ಡೈರೆಕ್ಟರ್ ಪೋಸ್ಟು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು, ಅದನ್ನೂ ಬಹಳ ಮರ್ಯಾದೆಯಿಂದಲೇ ಹೇಳಿದರು.

‘ಆಂಜಿಯೋಗ್ರಾಮ್ ಮಾಡೋವಾಗ ಇವರಿಗೆ ಏನಾದ್ರೂ ಆದ್ರೆ, ಕೌನ್ಸಿಲ್ ಮುಂದೆ ನಿಲ್ಲೋದು ಯಾರು? ನಾನೋ ನೀವೋ?’ ಎಂದು ಕೇಳಿದಳು ಗೆಳತಿ.

‘ಮ್ಯಾಮ್, ಕ್ಲಿನಿಕಲ್ ಡಿಸಿಷನ್ ಯಾವಾಗಲೂ ಡಾಕ್ಟರದ್ದೇ. ಕಂಪನಿ ಇಂಟರ್ಫಿಯರ್ ಮಾಡೋದೇ ಇಲ್ಲ.’

ಅವಳು ನನ್ನ ಕಡೆ ನೋಡಿದಳು. ಕಾನ್ವೆಂಟಿನಲ್ಲಿ ಸಿಸ್ಟರ್ ಅನ್ಯಾಯವಾಗಿ ಬೈದಾಗ ನಾವಿಬ್ಬರೂ ಒಬ್ಬರನ್ನೊಬ್ಬರು ಹಾಗೆ ನೋಡುತ್ತಿದ್ದೆವು. ಆಮೇಲೆ ಮ್ಯಾನೇಜರಿಗೆ ಹೇಳಿದಳು, ‘ಹಾಗಾದ್ರೆ ಬರ್ಕೊಳ್ಳಿ. ಏನೂ ಬೇಡ.’

ಅವಳು ಮಾರನೆಯ ದಿನ ರಾಜೀನಾಮೆ ಕೊಟ್ಟಳು. ಕೊಟ್ಟು ಮನೆಗೆ ಹೋಗಿ ಕೂತ ಮೇಲೆ ಅವಳಿಗೆ ನೆನಪಾದದ್ದು, ಅಥವಾ ನೆನಪಿದ್ದೇ ಕೊಟ್ಟಳೋ ಗೊತ್ತಿಲ್ಲ: ಹೆಬ್ಬಾಳ, ಯಲಹಂಕ, ಯಶವಂತಪುರ, ಕಂಟೋನ್ಮೆಂಟು, ಇವುಗಳ ನಡುವಿನ ಎಲ್ಲ ಪ್ರದೇಶ. ತನ್ನ ಬದುಕೆಲ್ಲ ಕಳೆದ ಜಾಗದಲ್ಲಿ ಇನ್ನು ಮೇಲೆ ಯಾರ ನಾಲಿಗೆಯನ್ನೂ ನೋಡುವಂತಿಲ್ಲ. ಡಾಕ್ಟರಾಗಿ ಉಳಿಯಬೇಕೆಂದರೆ ಊರು ಬಿಡಬೇಕು, ಊರಲ್ಲಿ ಉಳಿಯಬೇಕೆಂದರೆ ಡಾಕ್ಟರಲ್ಲದೆ ಉಳಿಯಬೇಕು. ಬೀದಿಯಲ್ಲಿ ಯಾರೋ ಕೆಮ್ಮಿದರೆ ತಲೆ ತಗ್ಗಿಸಿಕೊಂಡು ಹೋಗುವುದು ಅವಳಿಗೆ ಬಾರದು.

ನಾನು ಯಜಮಾನರ ಮುಂದೆ ಅಗ್ರಿಮೆಂಟ್ ಇಟ್ಟು, ನೀವೇ ಕಟ್ಟಿದ್ದು, ನೀವೇ ಬಿಚ್ಚಿ ಎಂದೆ. ಅವರು ಬೆಳಗಿನಿಂದ ಮಧ್ಯಾಹ್ನದ ತನಕ ಓದಿದರು. ಒಬ್ಬರ ಹೊಟ್ಟೆಪಾಡಿಗೆ ಅಡ್ಡ ನಿಲ್ಲುವ ಕರಾರು ಸಾಮಾನ್ಯವಾಗಿ ನಿಲ್ಲುವುದಿಲ್ಲ ಎಂದರು. ನನಗೆ ಜೀವ ಬಂತು. ಆದರೆ ಇವಳ ಹಾಗೆ ತನ್ನ ವ್ಯವಹಾರದ ಗುಡ್‌ವಿಲ್ ಮಾರಿದವರಿಗೆ ಮಾತ್ರ ಆ ರಕ್ಷಣೆ ಇಲ್ಲ, ಗಡಿ ಸ್ಪಷ್ಟವಾಗಿ, ನ್ಯಾಯಬದ್ಧವಾಗಿ ಹೇಳಿದ್ದರೆ ಅದು ನಿಲ್ಲುತ್ತದೆ ಎಂದರು. ಮೊದಲಿನ ‘ಸುತ್ತಮುತ್ತ’ ಹಾಗೇ ಇದ್ದಿದ್ದರೆ ಇವತ್ತು ಸಂಜೆಯೇ ಬಿಡಿಸಿಬಿಡುತ್ತಿದ್ದೆ ಎಂದರು.

‘ಎಲ್ಲೂ ಒಂದು ತೂತಿಲ್ಲವಾ?’

‘ಇಲ್ಲ,’ ಎಂದರು. ದುಃಖದಲ್ಲೇ ಹೇಳಿದರು. ಆದರೆ ಅವರ ಜೊತೆ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಆ ದುಃಖದ ಅಡಿಯಲ್ಲಿ ಒಂದು ಚೂರು ಹೆಮ್ಮೆ ಕಾಣದಿರುತ್ತದೆಯೇ? ಅವರೆಕಾಯಿ ಕಾಲ ಮುಗಿಯುವ ತನಕ ನಮ್ಮ ಮನೆಯಲ್ಲಿ ಸೋರೆಕಾಯಿ ಹುಳಿ ನಡೆಯಿತು.

ದಾರಿ ತೋರಿಸಿದವರು, ನಂಬಿದರೆ ನಂಬಿ, ಕಟ್ಟಡದ ಓನರು. ಅವರ ತಾಯಿಗೆ ಗೆಳತಿ ಕೈ ಹಿಡಿದು ನೋಡದ ಹೊರತು ನಿದ್ದೆ ಬರುತ್ತಿರಲಿಲ್ಲ. ಹೊಸ ಕ್ಲಿನಿಕ್ಕಿನ ಲೆಮನ್‌ಗ್ರಾಸಿಗೆ ಮುದುಕಿ ಸೀನಿ ಸೀನಿ ಎದ್ದು ಬಂದಿದ್ದಳಂತೆ. ಅವರು ಈ ಸಲ ಮೇಡಂ ಎನ್ನಲಿಲ್ಲ.

‘ಡಾಕ್ಟ್ರಮ್ಮ, ಇಂಗೆ ಮನೇಲಿ ಕುಂತ್ರೆ ಆಯ್ತದಾ? ಮಾಕಳಿತಾವ ನಮ್ ಭಾವಮೈದಂದು ಒಂದು ಅಂಗಡಿ ಖಾಲಿ ಐತೆ. ಸಾಯೇಬ್ರು ಗೀಚಿರೋ ಗೆರೆ ಅಲ್ಲೀಗಂಟ ಬರಾಕಿಲ್ಲ.’

ಯಜಮಾನರು ಮ್ಯಾಪ್ ತೆಗೆದು ನೋಡಿ, ಯಶವಂತಪುರ ದಾಟಿದರೆ ಗಡಿ ಮುಗಿಯಿತು, ಮಾಕಳಿ ಆಚೆ ಎಂದು ಪ್ರಮಾಣೀಕರಿಸಿದರು.

ಹಾಗಾಗಿ ಗೆಳತಿ ಈಗ ಯಶವಂತಪುರದಿಂದ ಮೆಟ್ರೋ ಹತ್ತಿ, ತುಮಕೂರು ರಸ್ತೆಯ ಉದ್ದಕ್ಕೂ ಹೋಗಿ, ಕೊನೆಯ ಸ್ಟೇಷನ್ನಿನಲ್ಲಿಳಿದು ಆಟೋ ಹಿಡಿಯುತ್ತಾಳೆ. ಎಡಕ್ಕೆ ಟೈರ್ ಅಂಗಡಿ, ಬಲಕ್ಕೆ ಹಾರ್ಡ್‌ವೇರ್, ಮಧ್ಯೆ ಇವಳ ಶಟರ್. ಲಾರಿ ಹೋದಾಗಲೆಲ್ಲ ಥರ್ಮಾಮೀಟರು ಗಡಗಡ ಎನ್ನುತ್ತದೆ. ಲೈಸೆನ್ಸು, ಸೂಜಿ ಕಸ, ಬ್ಯಾಟರಿ, ಎಲ್ಲ ತಲೆನೋವೂ ವಾಪಸ್ಸು ಬಂದಿವೆ. ಶುರುವಾದ ವಾರ ಯಜಮಾನರೂ ನಾನೂ ನೋಡಿಬರಲು ಹೋದೆವು.

ಅವಳ ಮುಖ ಸಪ್ಪಗಿತ್ತು. ಜಾಗದ ಬಗ್ಗೆ ಅಲ್ಲ. ಇಲ್ಲಿ ಯಾರೂ ನನ್ನ ‘ಏನೂ ಬೇಡ’ ನಂಬುತ್ತಿಲ್ಲ ಕಣೇ ಎಂದಳು. ಬಂದವರಿಗೆಲ್ಲ ಸೂಜಿ ಬೇಕು, ಗ್ಲೂಕೋಸ್ ಬೇಕು, ಕಡೇ ಪಕ್ಷ ಕೆಂಪು ಬಣ್ಣದ ಟಾನಿಕ್ಕಾದರೂ ಬೇಕು. ಏನೂ ಬೇಡ ಎಂದರೆ ಈ ಡಾಕ್ಟರಿಗೆ ಏನೂ ಬರುವುದಿಲ್ಲ ಎಂದುಕೊಂಡು ಎದ್ದುಹೋಗುತ್ತಾರೆ. ಆರ್.ಟಿ. ನಗರದಲ್ಲಿ ಆ ಮಾತು ಮದ್ದಾಗಿದ್ದದ್ದು ಅಲ್ಲಿಯವರ ಅಜ್ಜಿ, ತಾಯಿ, ಮಗಳು ಎಲ್ಲರೂ ಅದನ್ನು ಕೇಳಿಸಿಕೊಂಡೇ ಗುಣವಾಗಿದ್ದರಿಂದ. ಅದನ್ನು ಅವಳು ಹೊತ್ತು ತರುವ ಹಾಗಿರಲಿಲ್ಲ. ಕಂಪನಿ ಕೊಂಡದ್ದು ಅದನ್ನೇ. ಅವರಿಗೆ ಅದು ಉಪಯೋಗವಿಲ್ಲ, ಇವಳಿಗೆ ವಾಪಸ್ಸು ಸಿಗುವುದಿಲ್ಲ. ಯಜಮಾನರ ಕಾನೂನು ಪುಸ್ತಕ ಗುಡ್‌ವಿಲ್ ಎಂದು ಕರೆಯುವುದು ಎಂಥ ವಸ್ತು ಎಂದು ನನಗೆ ಆ ಶಟರಿನ ಕೆಳಗೆ ಕೂತಾಗ ಅರ್ಥವಾಯಿತು.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದಳು. ನಡುವಯಸ್ಸು, ಪಕ್ಕದ ಕಾರ್ಖಾನೆಯಲ್ಲಿ ಕೆಲಸವಂತೆ, ತಲೆನೋವು. ಗೆಳತಿ ಹಳೇ ಕ್ರಮದಲ್ಲೇ ಎಲ್ಲ ನೋಡಿದಳು, ಬಿಪಿ ಎರಡು ಸಲ ನೋಡಿದಳು, ಕಣ್ಣು ನೋಡಿದಳು, ಮನೆಯ ಜಗಳ ಕೇಳಿದಳು. ಜಗಳ ದೊಡ್ಡದಿತ್ತು. ಅತ್ತೆ, ನಾದಿನಿ, ಒಂದು ಹಂಚಿಕೆಯಾಗದ ಸೈಟು. ಆ ಗಲಾಟೆಯಲ್ಲಿ ಅವಳು ವಾರದಿಂದ ಸರಿಯಾಗಿ ತಿಂದಿರಲಿಲ್ಲ, ಮಲಗಿರಲಿಲ್ಲ. ಎಲ್ಲ ಮುಗಿದ ಮೇಲೆ ಗೆಳತಿ ಹೇಳಿದಳು, ಏನೂ ಬೇಡವಮ್ಮ, ಹೊಟ್ಟೆ ತುಂಬ ತಿಂದು ಎರಡು ದಿನ ನಿದ್ದೆ ಮಾಡು, ಕಡಿಮೆಯಾಗದಿದ್ದರೆ ಬಾ.

ಹೆಂಗಸು ಕೂತಲ್ಲಿಂದ ಏಳಲಿಲ್ಲ. ಅರ್ಧ ದಿನದ ಸಂಬಳ ಬಿಟ್ಟು ಬಂದಿವ್ನಿ, ಒಂದು ಸೂಜಿನಾದ್ರೂ ಆಕಿ ಎಂದಳು. ಗೆಳತಿ ಬೇಡ ಎಂದು ತಲೆಯಾಡಿಸಿದಳು. ಆ ಮೇಜಿನ ಮೇಲೆ ವಿಟಮಿನ್ ಮಾತ್ರೆಯ ಸ್ಯಾಂಪಲ್ ಇತ್ತು. ಅವಳ ಕೈ ಅದರ ಹತ್ತಿರ ಹೋಗಿ ನಿಂತದ್ದನ್ನು ನಾನು ನೋಡಿದೆ. ಒಂದು ಕೊಟ್ಟರೆ ಈ ಹೆಂಗಸು ಇನ್ನು ಹತ್ತು ಜನರನ್ನು ಕರೆತರುತ್ತಿದ್ದಳು. ಕೈ ವಾಪಸ್ಸು ಬಂತು.

ಮೂಲೆಯ ಕುರ್ಚಿಯಲ್ಲಿದ್ದ ಯಜಮಾನರಿಗೆ ಇನ್ನು ತಡೆಯಲಾಗಲಿಲ್ಲ. ಮಾಡಿದ ಪಾಪಕ್ಕೆ ಸಾಕ್ಷಿಯಾದರೂ ನುಡಿಯೋಣ ಎನಿಸಿರಬೇಕು. ಗಂಟಲು ಸರಿಮಾಡಿಕೊಂಡು, ‘ನೋಡಮ್ಮ, ನನಗೂ ಇವರು ಏನೂ ಬೇಡ ಅಂದ್ರು. ದೊಡ್ಡ ಆಸ್ಪತ್ರೆಗೆ ಕಳಿಸಬೇಕಿತ್ತು, ಕಳಿಸಲಿಲ್ಲ,’ ಎಂದರು.

ಹೆಂಗಸು ಅವರನ್ನು ತಲೆಯಿಂದ ಕಾಲಿನ ತನಕ, ಬೊಕ್ಕತಲೆ, ಜೋತುಬಿದ್ದ ಸ್ವೆಟರು, ಕೈಯಲ್ಲಿದ್ದ ಕೋಲು ಎಲ್ಲವನ್ನೂ ನಿಧಾನವಾಗಿ ನೋಡಿದಳು.

‘ಅದ್ಕೇಯಾ ಇಂಗಾಗಿರಾದು?’ ಎಂದಳು.

ಗೆಳತಿ ನಕ್ಕಳು. ಅವಳು ಕ್ಲಿನಿಕ್ ಮಾರಿದ ಮೇಲೆ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಕಣ್ಣೊರೆಸಿಕೊಂಡು ಹೆಂಗಸಿಗೆ ಹೇಳಿದಳು: ಇವತ್ತು ಫೀಸು ಬೇಡ, ಶನಿವಾರ ಬಾ, ತಲೆನೋವು ಹಾಗೇ ಇದ್ದರೆ ನಿನ್ನೆದುರಿಗೇ ಒಪ್ಪಿಕೊಳ್ಳುತ್ತೇನೆ, ಮುಂದೇನು ಮಾಡಬೇಕೋ ಮಾಡುತ್ತೇನೆ. ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದಳು. ಪೂರ್ತಿ ನಂಬಿದ ಮುಖವಲ್ಲ. ಬಾಗಿಲಲ್ಲಿ ನಿಂತು, ‘ಸನಿವಾರ ನೀವು ಇರ್ತೀರಾ ಅಂತ ಏನ್ ಗ್ಯಾರಂಟಿ?’ ಎಂದು ಕೇಳಿದಳು.

‘ಇರ್ತೀನಿ,’ ಎಂದಳು ಗೆಳತಿ, ‘ಈ ಅಂಗಡಿ ನಂದೇ.’